ಮೊದಲು ಹಾರಿದವರು ತಳಪದೆಯೋ, ರೈಟ್ ಸಹೋದರರೋ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಜಿಲ್ಲಾ ಮಟ್ಟದ ವಿಜ್ಞಾನ ಭಾಷಣ ಸ್ಪರ್ಧೆಯಲ್ಲಿ ‘ಹಾರಾಟದ ಆರಂಭದ ದಿನಗಳು’ ಅನ್ನುವ ವಿಷಯ ಬಂದಿದೆ, ಏಳು ನಿಮಿಷ ಮಾತಾಡಬೇಕು. ನಮ್ಮ ಮಾವನವರು ನಿವೃತ್ತ ಸಂಸ್ಕೃತ ಮೇಷ್ಟ್ರು. “1895ರಲ್ಲೇ ಮುಂಬೈಯ ಚೌಪಾಟಿಯಲ್ಲಿ ಶಿವಕರ ಬಾಪೂಜಿ ತಳಪದೆ ಅನ್ನುವವರು ವೈಮಾನಿಕ ಶಾಸ್ತ್ರ ಎಂಬ ಸಂಸ್ಕೃತ ಗ್ರಂಥ ನೋಡಿಕೊಂಡು ಪಾದರಸದ ಎಂಜಿನ್ನಿನ ವಿಮಾನ ಹಾರಿಸಿದ್ದರು. 1500 ಅಡಿ ಏರಿತ್ತು. ಬ್ರಿಟಿಷರು ಮುಚ್ಚಿಹಾಕಿದರು. ಮೊದಲು ಅದನ್ನೇ ಹೇಳಬೇಕು” ಅನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲೂ ಅದೇ ಬಂದಿದೆ. ಶಾಲೆಯ ಮೇಡಂ “ಅದೆಲ್ಲ ಬೇಡ, ರೈಟ್ ಸಹೋದರರು ಅಂತ ಹೇಳಿ ಮುಗಿಸು” ಅಂದಿದ್ದಾರೆ. ಆದರೆ ರೈಟ್ ಸಹೋದರರೂ ಹಾರಲಿಲ್ಲ, 12 ಸೆಕೆಂಡು ಜಿಗಿದರಷ್ಟೇ ಅಂತ ಮಗಳು ಇನ್ನೆಲ್ಲೋ ಓದಿದ್ದಾಳೆ. ಮಾವನವರ ಮನಸ್ಸು ನೋಯಬಾರದು, ತೀರ್ಪುಗಾರರ ಮುಂದೆ ಮಗು ತಪ್ಪು ಹೇಳಲೂಬಾರದು. ಏನು ಹೇಳಿಸಲಿ? ನಮ್ಮ ದೇಶದವರು ಅಂತ ಹೇಳಿಕೊಳ್ಳಲು ಯಾರೂ ಇಲ್ಲವೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮ, ನಿಮ್ಮ ಕಷ್ಟ ನನಗೆ ಹೊಸದಲ್ಲ. ವಿಮಾನ ವಿನ್ಯಾಸದ ಕೆಲಸದಲ್ಲಿದ್ದು, ಆಮೇಲೆ ಎಂಜಿನಿಯರಿಂಗ್ ಮಕ್ಕಳಿಗೆ ಏರೋಡೈನಾಮಿಕ್ಸ್ ಪಾಠ ಮಾಡಿದವನು ನಾನು. ಪ್ರತಿ ವರ್ಷವೂ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಿದ್ದರು. ಕೇಳಿದವರನ್ನು ನಗೆಪಾಟಲು ಮಾಡಿ ಕೂರಿಸುವುದು ನನಗೆ ಎಂದೂ ಸರಿ ಕಂಡಿಲ್ಲ. ಯಾವ ಸಾಕ್ಷ್ಯ ಇಟ್ಟುಕೊಂಡು ಒಬ್ಬರನ್ನು ಮೊದಲಿಗರು ಅನ್ನುತ್ತೇವೆ ಎಂಬುದು ಒಳ್ಳೆಯ ಪ್ರಶ್ನೆಯೇ. ನಿಮ್ಮ ಮಗಳ ಭಾಷಣ ಅದರ ಮೇಲೇ ನಿಲ್ಲಬಹುದು.

ನೇರ ಉತ್ತರ ಮೊದಲು ಕೊಡುತ್ತೇನೆ. ಗಾಳಿಗಿಂತ ಭಾರವಾದ ಯಂತ್ರವೊಂದು ಮನುಷ್ಯನನ್ನು ಹೊತ್ತು, ತನ್ನದೇ ಎಂಜಿನ್ನಿನ ಬಲದಿಂದ, ನಡೆಸುವವನ ಹತೋಟಿಯಲ್ಲಿ ಹಾರಿದ್ದು ಮೊದಲ ಬಾರಿಗೆ 1903ರ ಡಿಸೆಂಬರ್ 17ರಂದು, ಅಮೆರಿಕದ ನಾರ್ತ್ ಕೆರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬಗಳಲ್ಲಿ. ಹಾರಿಸಿದವರು ಆರ್ವಿಲ್ ಮತ್ತು ವಿಲ್ಬರ್ ರೈಟ್.

ಈ ವಾಕ್ಯದ ಒಂದೊಂದು ಷರತ್ತೂ ಮುಖ್ಯ. ಯಾವುದನ್ನು ತೆಗೆದರೂ ಬೇರೊಬ್ಬರ ಹೆಸರು ಮುಂದೆ ಬರುತ್ತದೆ. ಗಾಳಿಗಿಂತ ಭಾರ ಎಂಬುದನ್ನು ಬಿಟ್ಟರೆ 1783ರ ನವೆಂಬರ್ 21ಕ್ಕೆ ಹೋಗಬೇಕು. ಅಂದು ಪ್ಯಾರಿಸ್‌ನಲ್ಲಿ ಮಾಂಟ್‌ಗಾಲ್ಫಿಯರ್ ಸಹೋದರರ ಬಿಸಿಗಾಳಿ ಬಲೂನು ಇಬ್ಬರನ್ನು ಮೇಲಕ್ಕೆ ಒಯ್ದಿತು. ಎಂಜಿನ್ ಬೇಡವೆಂದರೆ ಜರ್ಮನಿಯ ಆಟೊ ಲಿಲಿಯೆಂಥಾಲ್ ಇದ್ದಾರೆ. 1891ರಿಂದ 1896ರವರೆಗೆ ಸುಮಾರು 2000 ಸಲ ಗ್ಲೈಡರ್‌ನಲ್ಲಿ ತೇಲಿ, ಕೊನೆಗೆ ಅದರಿಂದಲೇ ಬಿದ್ದು ಪ್ರಾಣ ಬಿಟ್ಟವರು ಅವರು. ಹತೋಟಿ ಬೇಡವೆಂದರೆ ಫ್ರಾನ್ಸಿನ ಕ್ಲೆಮಾಂ ಆದೇರ್. 1890ರ ಅಕ್ಟೋಬರ್‌ನಲ್ಲಿ ಅವರ ಉಗಿ ಎಂಜಿನ್ನಿನ ಯಂತ್ರ ನೆಲದಿಂದ ಒಂದಿಷ್ಟು ಎದ್ದು ಸುಮಾರು 50 ಮೀಟರ್ ಹೋಯಿತು. ಒಳಗೆ ಮನುಷ್ಯ ಇರಬೇಕಿಲ್ಲ ಎಂದಾದರೆ 1871ರಲ್ಲೇ ಆಲ್ಫೋನ್ಸ್ ಪೆನೊ ಪ್ಯಾರಿಸ್‌ನ ತೋಟವೊಂದರಲ್ಲಿ ರಬ್ಬರ್ ಎಳೆ ತಿರುಚಿ ನಡೆಸುವ ಪುಟ್ಟ ವಿಮಾನವನ್ನು 11 ಸೆಕೆಂಡು ಹಾರಿಸಿ ತೋರಿಸಿದ್ದರು. 1896ರ ಮೇ 6ರಂದು ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಉಗಿಯಂತ್ರದ ಮಾದರಿಯೊಂದನ್ನು ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರ ಹಾರಿಸಿದರು.

ತಳಪದೆಯವರ ವಿಷಯಕ್ಕೆ ಬರುವ ಮೊದಲು ಇದನ್ನೆಲ್ಲ ಹೇಳಲು ಕಾರಣವಿದೆ. ಚೌಪಾಟಿಯ ಕಥೆಯನ್ನು ನಂಬಿ ಹೇಳುವವರೂ ತಳಪದೆಯವರ ಆ ‘ಮರುತ್ಸಖಾ’ ಎಂಬ ವಿಮಾನದಲ್ಲಿ ಮನುಷ್ಯ ಇರಲಿಲ್ಲ ಎಂದೇ ಹೇಳುತ್ತಾರೆ. ಹಾಗಾಗಿ ಕಥೆ ಅಕ್ಷರಶಃ ನಿಜವಾಗಿದ್ದರೂ ಅದರ ಹೋಲಿಕೆ ರೈಟ್ ಸಹೋದರರ ಜೊತೆ ಅಲ್ಲ, ಪೆನೊ ಮತ್ತು ಲ್ಯಾಂಗ್ಲಿ ಜೊತೆ. ವಾಟ್ಸ್ಆ್ಯಪ್ ಸಂದೇಶಗಳು ಈ ಮಾತನ್ನೇ ನುಂಗಿಹಾಕುತ್ತವೆ.

ಇನ್ನು ಕಥೆ ನಿಜವೇ? ತಳಪದೆ ನಿಜವಾದ ವ್ಯಕ್ತಿ. ಮುಂಬೈಯವರು, ಸಂಸ್ಕೃತ ಬಲ್ಲವರು, ವಿಮಾನ ಕಟ್ಟಲು ಮನಸ್ಸಿಟ್ಟು ಪ್ರಯತ್ನಪಟ್ಟವರು. ಇಷ್ಟನ್ನು ನಿಸ್ಸಂಕೋಚವಾಗಿ ಹೇಳಬಹುದು. ಆದರೆ ಹಾರಾಟ ನಡೆಯಿತು ಎನ್ನುವುದಕ್ಕೆ ಫೋಟೊ ಇಲ್ಲ, ನಕ್ಷೆ ಇಲ್ಲ, ಯಂತ್ರದ ತುಂಡೂ ಉಳಿದಿಲ್ಲ. ಬರೋಡಾದ ಮಹಾರಾಜರು ನೋಡಿದ್ದರಂತೆ, ನ್ಯಾಯಮೂರ್ತಿ ರಾನಡೆ ಬಂದಿದ್ದರಂತೆ, ‘ಕೇಸರಿ’ ಪತ್ರಿಕೆ ಬರೆದಿತ್ತಂತೆ. ಎಲ್ಲವೂ ಅಂತೆಕಂತೆ. ನಾನು ಓದಿದ ಯಾವ ಬರಹದಲ್ಲೂ ಆ ಸಂಚಿಕೆಯ ಪುಟವನ್ನು ಮುಂದಿಟ್ಟು ‘ಇಗೋ ವರದಿ’ ಎಂದವರಿಲ್ಲ.

ವೈಮಾನಿಕ ಶಾಸ್ತ್ರದ ನಂಟು ನಮ್ಮ ಕರ್ನಾಟಕದ್ದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದನ್ನು ಹೇಳಿ ಬರೆಸಿದವರು ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಬರೆದುಕೊಂಡವರು ವೆಂಕಟಾಚಲ ಶರ್ಮರು. ಇದು ನಡೆದದ್ದು 1918ರಿಂದ 1923ರ ನಡುವೆ. ಜೊತೆಗಿರುವ ವಿಮಾನಗಳ ಚಿತ್ರಗಳನ್ನು ಬರೆದದ್ದು ಎಲ್ಲಪ್ಪ ಎಂಬ ನಕ್ಷೆಗಾರರು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸದಲ್ಲಿದ್ದವರು. ಮೈಸೂರಿನ ಜಿ. ಆರ್. ಜೋಸ್ಯರ್ ಅದರ ಇಂಗ್ಲಿಷ್ ಅನುವಾದ ಹೊರತಂದದ್ದು 1973ರಲ್ಲಿ. ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1918ರಲ್ಲಿ ಬರೆಯಲು ಶುರುವಾದ ಗ್ರಂಥವನ್ನು ಓದಿ 1895ರಲ್ಲಿ ವಿಮಾನ ಕಟ್ಟುವುದು ಹೇಗೆ?

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಐವರು ಈ ಗ್ರಂಥವನ್ನು ಕೂಲಂಕಷವಾಗಿ ಪರಿಶೀಲಿಸಿದರು: ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು. ಓದದೆಯೇ ತಳ್ಳಿಹಾಕಲಿಲ್ಲ. ಗ್ರಂಥದ ಮೂಲ ಹುಡುಕಿಕೊಂಡು ಹೋದರು, ಸಂಬಂಧಪಟ್ಟವರನ್ನು ವಿಚಾರಿಸಿದರು, ಭಾಷೆ ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ಲೆಕ್ಕಕ್ಕೆ ಹಚ್ಚಿದರು. ಸಂಸ್ಕೃತ ಸರಳವಾದ ಆಧುನಿಕ ಸಂಸ್ಕೃತ, ವೈದಿಕವಲ್ಲ. ಗ್ರಂಥ 1904ಕ್ಕಿಂತ ಹಿಂದಿನದಲ್ಲ. ಶ್ಲೋಕ ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ತಾಳೆಯಾಗುವುದಿಲ್ಲ. ನಾಲ್ಕರಲ್ಲಿ ಒಂದೂ ಹಾರುವ ಗುಣ ಹೊಂದಿಲ್ಲ. ಹೇಳಿರುವ ಚಾಲನಾ ವಿಧಾನ ಹಾರಾಟಕ್ಕೆ ನೆರವಾಗುವುದಿರಲಿ, ಅಡ್ಡಿಯೇ ಆಗುತ್ತದೆ. ಇದು ಅವರ ತೀರ್ಮಾನ. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಲು ಯತ್ನಿಸಿದ್ದರು, ಆದರೆ ಯಾವುದೂ ಹಾರಲಿಲ್ಲ ಎಂಬ ಮಾಹಿತಿಯೂ ಅದೇ ವರದಿಯಲ್ಲಿ ದಾಖಲಾಗಿದೆ.

ಪಾದರಸದ ಎಂಜಿನ್ ಬಗ್ಗೆ ಲೆಕ್ಕ ಸುಲಭ. ಪಾದರಸ ಲೀಟರಿಗೆ 13.6 ಕೆಜಿ ತೂಗುತ್ತದೆ. ಹತ್ತು ಲೀಟರ್ ತುಂಬಿದರೆ 136 ಕೆಜಿ. ರೈಟ್ ಸಹೋದರರ ಇಡೀ ವಿಮಾನ, ಎಂಜಿನ್ನೂ ಸೇರಿ, 274 ಕೆಜಿ ಇತ್ತು. ಪಾದರಸವನ್ನು ಕುದಿಸಲು ಸುಮಾರು 357 ಡಿಗ್ರಿ ಸೆಲ್ಸಿಯಸ್ ಬೇಕು, ಆವಿ ಕಡು ವಿಷ. ‘ನಾಸಾ ಪಾದರಸದ ಎಂಜಿನ್ ಮಾಡಿದೆ’ ಎನ್ನುವುದು ಮಾತ್ರ ನಿಜ. 1964ರ ಸರ್ಟ್-1 ಪ್ರಯೋಗದಲ್ಲಿ ಪಾದರಸದ ಅಯಾನ್ ಎಂಜಿನ್ (ವಿದ್ಯುದಾವೇಶದ ಕಣಗಳನ್ನು ಹಿಂದಕ್ಕೆ ಚಿಮ್ಮಿ ನೂಕುವಂಥದ್ದು) ಬಾಹ್ಯಾಕಾಶದಲ್ಲಿ ಅರ್ಧ ಗಂಟೆ ನಡೆಯಿತು. ಆದರೆ ಅಂಥ ಎಂಜಿನ್ ಕೆಲಸ ಮಾಡುವುದು ನಿರ್ವಾತದಲ್ಲಿ, ಮತ್ತು ಅದರ ನೂಕುಬಲ ಒಂದೆರಡು ಕಾಗದದ ಹಾಳೆಗಳ ತೂಕದಷ್ಟು. ನೆಲದಿಂದ ಏನನ್ನೂ ಎತ್ತಲು ಅದರಿಂದಾಗದು.

ಬ್ರಿಟಿಷರು ಕದ್ದು ಮುಚ್ಚಿಟ್ಟರು ಎನ್ನುವವರನ್ನು ನಾನು ಒಂದೇ ಮಾತು ಕೇಳುತ್ತೇನೆ: ಕದ್ದಿದ್ದರೆ ಬಳಸಬೇಕಿತ್ತಲ್ಲ? ಅವರ ಹೈರಮ್ ಮ್ಯಾಕ್ಸಿಮ್ 1894ರಲ್ಲಿ ಮೂರು ಟನ್ನಿಗೂ ಮೀರಿದ ದೈತ್ಯ ಯಂತ್ರ ಕಟ್ಟಿ, ಅದು ಹಳಿ ಬಿಟ್ಟೆದ್ದು ಮುರಿದ ಮೇಲೆ ಕೈಬಿಟ್ಟರು. ಪರ್ಸಿ ಪಿಲ್ಚರ್ 1899ರಲ್ಲಿ ಗ್ಲೈಡರ್‌ನಿಂದ ಬಿದ್ದು ಸತ್ತರು. ಬ್ರಿಟನ್ ನೆಲದಲ್ಲಿ ಮೊದಲ ವಿಮಾನ ಹಾರಾಟ ಎಂದು ಮನ್ನಣೆ ಪಡೆದದ್ದು 1908ರ ಅಕ್ಟೋಬರ್ 16ರಂದು ಫಾರ್ನ್‌ಬರೋದಲ್ಲಿ, ಅದನ್ನು ಹಾರಿಸಿದ ಸ್ಯಾಮ್ಯುಯೆಲ್ ಕೋಡಿಯೂ ಅಮೆರಿಕದಲ್ಲಿ ಹುಟ್ಟಿದವರು. ಕೈಯಲ್ಲಿ ರಹಸ್ಯ ಇಟ್ಟುಕೊಂಡು 13 ವರ್ಷ ಹೀಗೆ ಒದ್ದಾಡುವವರು ಯಾರು?

ಆದರೂ ಈ ಕಥೆ ಯಾಕೆ ಸಾಯುವುದಿಲ್ಲ? ನಿಮ್ಮ ಮಾವನವರಂಥವರು ಇದನ್ನು ಹಿಡಿದುಕೊಂಡಿರುವುದು ಮೋಸ ಮಾಡಲು ಅಲ್ಲ. ‘ನಿಮಗೆ ಏನೂ ಬರುತ್ತಿರಲಿಲ್ಲ, ಎಲ್ಲ ನಾವು ಕಲಿಸಿದ್ದು’ ಎಂದು ಆಳಿದವರು ಹೇಳಿದ್ದನ್ನು ಕೇಳಿ ನೊಂದ ತಲೆಮಾರುಗಳು ನಮ್ಮವು. ಆ ನೋವಿಗೆ ಇಂಥ ಕಥೆ ಮದ್ದಿನಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಒಬ್ಬರೇ ಅಲ್ಲ, ತಮ್ಮವರೇ ಮೊದಲಿಗರು ಎನ್ನುವವರು ಬೇರೆಡೆಯೂ ಇದ್ದಾರೆ. ಫ್ರಾನ್ಸಿಗೆ ಆದೇರ್, ಬ್ರೆಜಿಲಿಗೆ ಸಾಂತೋಸ್ ದ್ಯುಮಾಂ, ನ್ಯೂಜಿಲೆಂಡಿಗೆ ರಿಚರ್ಡ್ ಪಿಯರ್ಸ್, ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಗುಸ್ತಾವ್ ವೈಟ್‌ಹೆಡ್. ಪಿಯರ್ಸ್ ಅವರಂತೂ ತಾನು ಈ ಕೆಲಸಕ್ಕೆ ಕೈಹಾಕಿದ್ದೇ 1904ರ ಹೊತ್ತಿಗೆ ಎಂದು ಪತ್ರಿಕೆಗೆ ತಾವೇ ಬರೆದಿದ್ದರು. ಅಭಿಮಾನಿಗಳು ಮಾತ್ರ 1903ರ ಮಾರ್ಚ್ ಎನ್ನುವುದನ್ನು ಬಿಟ್ಟಿಲ್ಲ.

ರೈಟ್ ಸಹೋದರರ ನಡವಳಿಕೆಯೂ ಸಂಶಯಕ್ಕೆ ಎಡೆಮಾಡಿತು. ಪೇಟೆಂಟ್ ಮತ್ತು ಮಾರಾಟದ ಚಿಂತೆಯಲ್ಲಿ ಅವರು 1905ರ ಕೊನೆಯಿಂದ 1908ರವರೆಗೆ ಹಾರಲೇ ಇಲ್ಲ, ಯಾರಿಗೂ ತೋರಿಸಲೂ ಇಲ್ಲ. ಆ ನಡುವೆ 1906ರಲ್ಲಿ ಸಾಂತೋಸ್ ದ್ಯುಮಾಂ ಪ್ಯಾರಿಸ್ ಜನರ ಕಣ್ಣೆದುರೇ ಹಾರಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ತನ್ನ ಕಾರ್ಯದರ್ಶಿಯಾಗಿದ್ದ ಲ್ಯಾಂಗ್ಲಿಯ ಪರ ವಹಿಸಿದ್ದಕ್ಕೆ ಆರ್ವಿಲ್ ಮುನಿದು, 1928ರಲ್ಲಿ ತಮ್ಮ 1903ರ ವಿಮಾನವನ್ನೇ ಲಂಡನ್ನಿನ ಮ್ಯೂಸಿಯಂಗೆ ಕಳಿಸಿಬಿಟ್ಟರು. 1948ರಲ್ಲಿ ಅದು ಮರಳಿದಾಗ ಆದ ಕರಾರಿನಲ್ಲಿ, ಇದಕ್ಕಿಂತ ಮೊದಲು ಬೇರೆ ವಿಮಾನ ಹಾರಬಲ್ಲದಾಗಿತ್ತು ಎಂದು ಸಂಸ್ಥೆ ಹೇಳಬಾರದೆಂಬ ಷರತ್ತು ಇದೆ. ನನಗೆ ಆ ಷರತ್ತು ಹಿಡಿಸುವುದಿಲ್ಲ. ಸತ್ಯಕ್ಕೆ ಕರಾರುಪತ್ರ ಬೇಕಿರಲಿಲ್ಲ, ಅದಿಲ್ಲದೆಯೂ ಅವರ ಸಾಕ್ಷ್ಯ ಗಟ್ಟಿಯಾಗಿಯೇ ಇತ್ತು.

ಎಷ್ಟು ಗಟ್ಟಿ ಎಂದರೆ, ಡಿಸೆಂಬರ್ 17ರಂದು ಗಾಳಿಯ ವೇಗ ಅಳೆಯುವ ಉಪಕರಣ ಇತ್ತು, ಸ್ಟಾಪ್‌ವಾಚ್ ಇತ್ತು, ಸಮೀಪದ ಜೀವರಕ್ಷಕ ಠಾಣೆಯವರೂ ಸೇರಿ ಐವರು ಸಾಕ್ಷಿಗಳಿದ್ದರು. ಆರ್ವಿಲ್ ಮೊದಲೇ ನಿಲ್ಲಿಸಿಟ್ಟಿದ್ದ ಕ್ಯಾಮೆರಾದ ಗುಂಡಿ ಒತ್ತಿದವರು ಜಾನ್ ಡೇನಿಯಲ್ಸ್. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅಂದು ಒಟ್ಟು ನಾಲ್ಕು ಹಾರಾಟ. ಕೊನೆಯದರಲ್ಲಿ ವಿಲ್ಬರ್ 59 ಸೆಕೆಂಡು, 852 ಅಡಿ ಹೋದರು. ತಂದೆಗೆ ಕೊಟ್ಟ ಟೆಲಿಗ್ರಾಂನಲ್ಲಿ 59 ಎನ್ನುವುದು 57 ಆಗಿಹೋಯಿತು. ಅದು ತಪ್ಪು ಎಂದು ಇಂದಿಗೂ ಹೇಳಬಲ್ಲೆವು, ಏಕೆಂದರೆ ಅಂದಿನ ಡೈರಿ ಉಳಿದಿದೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಡಿಸೆಂಬರ್ 14. ಆ ದಿನ ನಾಣ್ಯ ಚಿಮ್ಮಿ ಗೆದ್ದ ವಿಲ್ಬರ್ ಇಳಿಜಾರಿನಿಂದ ಯಂತ್ರ ಬಿಟ್ಟರು. ಅದು ಮೇಲೆದ್ದು ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಬಡಿಯಿತು. ಬೇರೆಯವರಾಗಿದ್ದರೆ ಅದನ್ನೇ ಮೊದಲ ಹಾರಾಟ ಎಂದು ಸಾರುತ್ತಿದ್ದರು. ಇಳಿಜಾರಿನ ನೆರವು ಇತ್ತು, ಹತೋಟಿ ಇರಲಿಲ್ಲ ಎಂದು ಈ ಇಬ್ಬರೂ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 17ರಂದು ಸಮತಟ್ಟು ನೆಲದ ಮೇಲೆ, ಎದುರುಗಾಳಿಗೆ ಮುಖ ಮಾಡಿ ಹೊರಟರು.

‘ಬರೀ ಜಿಗಿತ’ ಎನ್ನುವವರಿಗೆ 1905ರ ಅಕ್ಟೋಬರ್ 5 ಉತ್ತರ. ಅಂದು ಡೇಟನ್ ಹತ್ತಿರದ ಹಫ್‌ಮನ್ ಬಯಲಿನಲ್ಲಿ ವಿಲ್ಬರ್ 39 ನಿಮಿಷ ಸುತ್ತು ಹೊಡೆದು 24 ಮೈಲಿ ಹಾರಿದರು. ‘ಕವಣೆಯಂತೆ ತಳ್ಳಿ ಹಾರಿಸಿದರು’ ಎಂಬ ಇನ್ನೊಂದು ಮಾತಿದೆ. ಭಾರ ಬೀಳಿಸಿ ವಿಮಾನ ಎಳೆಯುವ ವ್ಯವಸ್ಥೆ ಬಂದದ್ದು 1904ರ ಸೆಪ್ಟೆಂಬರ್‌ನಲ್ಲಿ. 1903ರಲ್ಲಿ ಇದ್ದದ್ದು ಮರದ ಹಳಿ ಮಾತ್ರ.

ಈ ಇಬ್ಬರು ಸೈಕಲ್ ಅಂಗಡಿಯವರು ಲ್ಯಾಂಗ್ಲಿಯಂಥವರನ್ನು ಹಿಂದೆ ಹಾಕಿದ್ದು ಹೇಗೆ? ಲ್ಯಾಂಗ್ಲಿ ಕೈಯಲ್ಲಿ ಸೇನೆ ಕೊಟ್ಟ 50,000 ಡಾಲರ್ ಇತ್ತು, 52 ಅಶ್ವಶಕ್ತಿಯ ಸೊಗಸಾದ ಎಂಜಿನ್ ಇತ್ತು. ಆದರೂ 1903ರ ಅಕ್ಟೋಬರ್‌ನಲ್ಲೊಮ್ಮೆ, ಡಿಸೆಂಬರ್ 8ರಂದು ಮತ್ತೊಮ್ಮೆ ಅವರ ವಿಮಾನ ನದಿಗೆ ಬಿತ್ತು. ರೈಟ್ ಸಹೋದರರ ಎಂಜಿನ್, ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಅಂಗಡಿಯಲ್ಲೇ ಮಾಡಿಕೊಟ್ಟದ್ದು, ಬರೀ 12 ಅಶ್ವಶಕ್ತಿ. ವ್ಯತ್ಯಾಸ ಇದ್ದದ್ದು ಹತೋಟಿಯಲ್ಲಿ. ಉಳಿದವರೆಲ್ಲ ತಾನಾಗಿ ಅಲುಗದೆ ನಿಲ್ಲುವ ವಿಮಾನ ಹುಡುಕುತ್ತಿದ್ದರು. ಸೈಕಲ್ ತಾನಾಗಿ ನಿಲ್ಲುವುದಿಲ್ಲ, ಏರಿದವನು ಕ್ಷಣಕ್ಷಣಕ್ಕೂ ಸರಿದೂಗಿಸಿಕೊಳ್ಳುತ್ತಾನೆ, ತಿರುಗುವಾಗ ವಾಲುತ್ತಾನೆ ಎಂಬುದು ಇವರ ಕೈಗೆ ಗೊತ್ತಿತ್ತು.

1899ರ ಬೇಸಿಗೆಯಲ್ಲಿ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯೊಬ್ಬನಿಗೆ ಸೈಕಲ್ ಟ್ಯೂಬ್ ಕೊಟ್ಟು, ಅದರ ಉದ್ದನೆಯ ಖಾಲಿ ರಟ್ಟಿನ ಡಬ್ಬವನ್ನು ಕೈಯಲ್ಲಿ ಸುಮ್ಮನೆ ತಿರುಚುತ್ತಿದ್ದರು. ಡಬ್ಬದ ಮೇಲ್ಮೈ, ಕೆಳಮೈ ಎರಡು ಅಂತಸ್ತಿನ ರೆಕ್ಕೆಗಳಂತೆ ಕಂಡವು. ತಿರುಚಿದಾಗ ಒಂದು ತುದಿಯ ಮುಂಚೂಣಿ ಮೇಲೆದ್ದಿತು, ಇನ್ನೊಂದು ತುದಿಯದು ಕೆಳಗಿಳಿಯಿತು. ಮೇಲೆದ್ದ ಕಡೆ ಗಾಳಿ ಹೆಚ್ಚು ಎತ್ತುತ್ತದೆ, ಇನ್ನೊಂದು ಕಡೆ ಕಡಿಮೆ, ವಿಮಾನ ಬೇಕಾದ ಕಡೆ ವಾಲುತ್ತದೆ. ನಿಮ್ಮ ಮಗಳು ವೇದಿಕೆಗೆ ಒಂದು ಖಾಲಿ ಟೂತ್‌ಪೇಸ್ಟ್ ಡಬ್ಬ ಒಯ್ಯಲಿ. ಎರಡೂ ತುದಿ ಕತ್ತರಿಸಿ, ಎದುರುಬದುರು ಮೂಲೆಗಳನ್ನು ಹಿಡಿದು ತಿರುಚಿ ತೋರಿಸಲಿ. ಅರ್ಧ ನಿಮಿಷದ ಕೆಲಸ, ಕೊನೆಯ ಸಾಲಿನವರಿಗೂ ಅರ್ಥವಾಗುತ್ತದೆ.

ಇದರ ಜೊತೆ ಹೇಳಲೇಬೇಕಾದ ಇನ್ನೊಂದು ಸಂಗತಿ 1901ರದು. ಆ ವರ್ಷದ ಗ್ಲೈಡರ್ ಲೆಕ್ಕದ ಮೂರನೇ ಒಂದು ಪಾಲು ಮಾತ್ರ ಎತ್ತುಬಲ ಕೊಟ್ಟಿತು. ಹಿಂದಿನವರ ಕೋಷ್ಟಕಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದಕ್ಕೆ ಫ್ಯಾನ್ ಜೋಡಿಸಿ, ಹಳೆಯ ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಗಳಿಂದ ತಕ್ಕಡಿ ಮಾಡಿಕೊಂಡು, ಸುಮಾರು 200 ರೆಕ್ಕೆ ಮಾದರಿಗಳನ್ನು ಪರೀಕ್ಷಿಸಿದರು. ಇಂಥ ಪೆಟ್ಟಿಗೆಗೆ ವಿಂಡ್ ಟನಲ್ ಎನ್ನುತ್ತಾರೆ; ವಿಂಡ್ ಟನಲ್‌ನಲ್ಲಿ ಕೆಲಸ ಮಾಡಿದ ನನಗೆ ಆ ತಕ್ಕಡಿಯ ಮೇಲೆ ಇಂದಿಗೂ ಗೌರವ. ಅಳತೆಯ ಆ ಹಾಳೆಗಳೇ 1902ರ ಗ್ಲೈಡರ್ ಆದವು, 1903ರ ವಿಮಾನ ಆದವು.

ಈಗ ನಿಮ್ಮ ಮುಂದಿರುವ ದಾರಿಗಳು. ಮಾವನವರು ಹೇಳಿದಂತೆಯೇ ಹೇಳಿಸಬಹುದು, ಚಪ್ಪಾಳೆಯೂ ಬಿದ್ದೀತು. ಆದರೆ ತೀರ್ಪುಗಾರರಲ್ಲಿ ಒಬ್ಬರು ‘ಆಧಾರ ಏನಮ್ಮ?’ ಎಂದರೆ ಮಗು ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಮೇಡಂ ಹೇಳಿದಂತೆ ತಳಪದೆಯವರ ಹೆಸರೇ ಎತ್ತದಿರಬಹುದು. ಇದು ಸುರಕ್ಷಿತ ಎನಿಸುತ್ತದೆ, ಆದರೆ ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಮನೆಯಲ್ಲೂ ಮುನಿಸು ಉಳಿಯುತ್ತದೆ. ‘ಕೆಲವರು ಹಾಗೆ ಹೇಳುತ್ತಾರೆ, ಕೆಲವರು ಹೀಗೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ಎರಡೂ ಕಡೆ ಸಾಕ್ಷ್ಯ ಸಮಸಮ ಇದ್ದಾಗ ಆ ಮಾತು ಸರಿ, ಇಲ್ಲಿ ಹಾಗಿಲ್ಲ.

ನಾನಾಗಿದ್ದರೆ ಒಂದು ನಿಮಿಷ ತಳಪದೆಯವರಿಗೆ ಕೊಡುತ್ತಿದ್ದೆ. ಹೀಗೆ ಹೇಳಬಹುದು: “ಮುಂಬೈಯಲ್ಲಿ ಶಿವಕರ ಬಾಪೂಜಿ ತಳಪದೆ ಎಂಬವರು ವಿಮಾನ ಕಟ್ಟಲು ಪ್ರಯತ್ನಿಸಿದರು. 1895ರಲ್ಲಿ ಅದು ಹಾರಿತು ಎಂಬ ಕಥೆ ಇದೆ, ಆದರೆ ಅದಕ್ಕೆ ಅಂದಿನ ದಾಖಲೆ ನಮ್ಮ ಮುಂದಿಲ್ಲ. ಪರಾಧೀನ ದೇಶದಲ್ಲಿ, ಹಣವಿಲ್ಲದೆ, ಆ ಕನಸು ಕಂಡವರನ್ನು ನಾನು ನೆನೆಯುತ್ತೇನೆ.” ಇದರಲ್ಲೂ ಅಪಾಯ ಇಲ್ಲದಿಲ್ಲ. ದನಿಯಲ್ಲಿ ಕೊಂಕು ಬಂದರೆ ಅವಮಾನವಾದಂತೆ ಕೇಳಿಸುತ್ತದೆ. ಆದ್ದರಿಂದ ಈ ಭಾಗವನ್ನು ಮೊದಲು ಅಜ್ಜನ ಎದುರೇ ಹೇಳಿ ಅಭ್ಯಾಸ ಮಾಡಲಿ.

ಮಾವನವರ ಜೊತೆ ವಾದಕ್ಕಿಳಿಯಬೇಡಿ. ಅವರು ಸಂಸ್ಕೃತ ಬಲ್ಲವರು. ವೈಮಾನಿಕ ಶಾಸ್ತ್ರದ ನಾಲ್ಕು ಪುಟ ಓದಿ, ಈ ಭಾಷೆ ಎಷ್ಟು ಹಳೆಯದು ಎಂದು ಅವರೇ ಹೇಳಲಿ. ನನ್ನ ತೀರ್ಪಿಗಿಂತ, ನಿಮ್ಮ ತೀರ್ಪಿಗಿಂತ ಅವರ ಓದಿಗೆ ಅಲ್ಲಿ ಬೆಲೆ ಹೆಚ್ಚು. ರಾಮಾಯಣದ ಪುಷ್ಪಕ ವಿಮಾನವನ್ನು ಯಾರೂ ಅವರಿಂದ ಕಿತ್ತುಕೊಳ್ಳುತ್ತಿಲ್ಲ. ಅದು ಮಹಾಕವಿಯ ಕಲ್ಪನೆಯಾಗಿಯೇ ದೊಡ್ಡದು. ಅಷ್ಟಾದರೂ ಅವರು ಒಪ್ಪದಿದ್ದರೆ ಸ್ಪರ್ಧೆ ಮುಗಿಯುವವರೆಗೆ ಆ ಮಾತು ಬಿಟ್ಟುಬಿಡಿ.

ನಮ್ಮವರು ಯಾರೂ ಇಲ್ಲವೇ ಎಂದು ಕೇಳಿದ್ದೀರಿ. ಧಾರಾಳವಾಗಿ ಇದ್ದಾರೆ, ಯಾವ ಕಥೆಯ ಆಸರೆಯೂ ಬೇಕಿಲ್ಲ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಸುಮಾರು 6500 ಪತ್ರಗಳು ವಿಮಾನದಲ್ಲಿ ಹೋದವು, ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು; ಹಾರಿಸಿದವರು ಫ್ರೆಂಚ್ ಪೈಲಟ್ ಆನ್ರಿ ಪೆಕೆ, ನೆಲ ನಮ್ಮದು. ಜೆ. ಆರ್. ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಅಂಚೆ ತಂದರು. ಅದೇ ಅಂಚೆ ಮುಂದೆ ಮದ್ರಾಸಿಗೆ ಹೋಗುವಾಗ ನಮ್ಮ ಬಳ್ಳಾರಿಯಲ್ಲಿ ಇಳಿದು ಹೋಗುತ್ತಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಅಲ್ಲಿ ವಿ. ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು, ಆಮೇಲೆ 150ಕ್ಕೂ ಹೆಚ್ಚು ತಯಾರಾದವು, ವಾಯುಪಡೆಯ ಎಷ್ಟೋ ಪೈಲಟ್‌ಗಳು ಅದರಲ್ಲೇ ಹಾರಲು ಕಲಿತರು. ಜರ್ಮನಿಯ ಗಟಿಂಗೆನ್‌ನಲ್ಲಿ ಏರೋಡೈನಾಮಿಕ್ಸ್ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಬಳಿ ಕಲಿತು ಬಂದ ಘಾಟಗೆ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1942ರಲ್ಲಿ ಶುರುವಾದ ವಿಮಾನ ಎಂಜಿನಿಯರಿಂಗ್ ವಿಭಾಗವನ್ನೂ ಕಟ್ಟಿದವರು. ವೈಮಾನಿಕ ಶಾಸ್ತ್ರವನ್ನು ಪರಿಶೀಲಿಸಿದ ಅಧ್ಯಯನ ಬಂದದ್ದೂ ಅದೇ ಸಂಸ್ಥೆಯಿಂದ.

ಇಷ್ಟಕ್ಕೆ ಏಳು ನಿಮಿಷ ಸಾಲದು ಎನಿಸಿದರೆ ಮ್ಯಾಕ್ಸಿಮ್, ಆದೇರ್, ಪಿಯರ್ಸ್ ಮೂವರನ್ನೂ ಬಿಡಲಿ. ಡಿಸೆಂಬರ್ 14ರ ಸಂಗತಿಯನ್ನು, ಟೂತ್‌ಪೇಸ್ಟ್ ಡಬ್ಬವನ್ನು ಮತ್ತು ಘಾಟಗೆಯವರನ್ನು ಬಿಡುವುದು ಬೇಡ.